ಮಕ್ಕಳು ಊರು ಬಿಡುತ್ತಾರೆ, ಟೀಚರಾದರೂ ನಿಲ್ಲಲಿ: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರಿಗೆ,

ನಮಸ್ಕಾರ ಸರ್.

ನಾನು ಬೆಂಗಳೂರಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 2025-26ನೇ ಸಾಲಿಗೆ ಅತಿಥಿ ಶಿಕ್ಷಕಿಯಾಗಿದ್ದವಳು. ಇದು ನನ್ನ ಮೊದಲ ವರ್ಷ. ಏಪ್ರಿಲ್‌ನಲ್ಲಿ ಮಕ್ಕಳ ಫಲಿತಾಂಶ ಓದಿ, ಹಾಜರಿ ಪುಸ್ತಕಕ್ಕೆ ಕೊನೆಯ ಸಹಿ ಹಾಕಿದ ಮೇಲೆ ಕಾಗದದ ಲೆಕ್ಕದಲ್ಲಿ ನಾನು ಟೀಚರ್ ಅಲ್ಲ. ಜೂನ್‌ನಲ್ಲಿ ಮತ್ತೆ ಆಗುತ್ತೇನೋ ಇಲ್ಲವೋ ಗೊತ್ತಿಲ್ಲ. ಶಾಲೆಯ ಹೆಸರು ಇಲ್ಲಿ ಬರೆದಿಲ್ಲ. ಬರೆದರೆ ನಾಳೆ ಯಾರಾದರೂ ಬಂದು ನಮ್ಮ ಎಚ್‌ಎಂ ಮೇಡಂ ಹತ್ತಿರ ವಿವರಣೆ ಕೇಳುತ್ತಾರೆ. ಅವರಿಗೆ ಈಗಾಗಲೇ ಬರೆದುಕೊಡಬೇಕಾದ ಕಾಗದ ಬೇಕಾದಷ್ಟಿದೆ.

ಹೇಳೋಕಿರೋದು ಒಂದೇ ಮಾತು. ನಮ್ಮಂಥ ಶಾಲೆಗಳಲ್ಲಿ ಮಕ್ಕಳು ನಿಲ್ಲುವುದಿಲ್ಲ. ಅದನ್ನು ನೀವೂ ತಡೆಯಲಾರಿರಿ, ನಾನೂ ತಡೆಯಲಾರೆ. ಆದರೆ ಟೀಚರೂ ನಿಲ್ಲದ ಹಾಗೆ ವ್ಯವಸ್ಥೆ ಮಾಡಿಟ್ಟಿದ್ದೇವಲ್ಲ, ಅದು ನಿಮ್ಮ ಕೈಯಲ್ಲಿದೆ.

ನಮ್ಮ ಶಾಲೆ ಇರುವುದು ಊರು ಬೆಳೆಯುತ್ತಿರುವ ಅಂಚಿನಲ್ಲಿ. ಕಾಂಪೌಂಡಿನ ಆಚೆ ಒಂದು ಅಪಾರ್ಟ್‌ಮೆಂಟ್ ಏಳುತ್ತಿದೆ, ಈಚೆ ಅದನ್ನು ಕಟ್ಟುವವರ ತಗಡಿನ ಶೆಡ್‌ಗಳು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು ಜಾಸ್ತಿ. ಬಡಗಿ ಕೆಲಸಕ್ಕೆ ಉತ್ತರ ಪ್ರದೇಶದವರು, ಸೆಕ್ಯುರಿಟಿಗೆ ನೇಪಾಳದವರು. ಹಳೆಯ ಓಣಿಗಳಲ್ಲಿ ತಮಿಳು, ತೆಲುಗು, ಉರ್ದು ಮಾತಾಡುವ ಮನೆಗಳು. ಅಮ್ಮಂದಿರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಇಲ್ಲವೇ ಅಪಾರ್ಟ್‌ಮೆಂಟಲ್ಲಿ ಮನೆಗೆಲಸ. ಸ್ವಲ್ಪ ದುಡ್ಡಿದ್ದವರು ಎದುರಿನ ಖಾಸಗಿ ಶಾಲೆಗೆ ಮಕ್ಕಳನ್ನು ಸೇರಿಸುತ್ತಾರೆ. ನಾನು ಬಾಡಿಗೆಗಿರುವ ಮನೆಯ ಓನರ್ ಆಂಟಿ ಹತ್ತು ವರ್ಷದಿಂದ ಅದೇ ರಸ್ತೆಯಲ್ಲಿದ್ದಾರೆ. 'ಆ ಶಾಲೆ ಇನ್ನೂ ನಡೀತಿದೆಯಾ?' ಅಂತ ನನ್ನನ್ನೇ ಕೇಳಿದರು. ನಡೀತಿದೆ ಆಂಟಿ, ಜೋರಾಗೇ ನಡೀತಿದೆ.

ನನಗೆ ಕೊಟ್ಟಿದ್ದು ನಾಲ್ಕನೇ ತರಗತಿ. ಕೋಣೆ ಸಾಲದ್ದಕ್ಕೆ ಐದನೆಯದೂ ಅದರಲ್ಲೇ. ಎರಡೂ ಸೇರಿ ನಲವತ್ತರ ಮೇಲೆ ಮಕ್ಕಳು. ಪ್ರಾಥಮಿಕ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅದನ್ನು ಹಿಡಿದು ಜಗಳ ಮಾಡೋಕೆ ಈ ಪತ್ರ ಅಲ್ಲ. ನಲವತ್ತು ಮಕ್ಕಳು ಜೂನ್‌ನಿಂದ ಏಪ್ರಿಲ್‌ವರೆಗೆ ಅವರೇ ಇದ್ದಿದ್ದರೆ ಹೇಗೋ ಮಾಡಬಹುದಿತ್ತು. ಆದರೆ ಜೂನ್‌ನ ಪಟ್ಟಿಯೇ ಬೇರೆ, ಏಪ್ರಿಲ್‌ನ ಪಟ್ಟಿಯೇ ಬೇರೆ. ಮಳೆಗಾಲದಲ್ಲಿ ಕೆಲವರು, ದಸರಾ ಆದ ಮೇಲೆ ಕೆಲವರು, ಸಂಕ್ರಾಂತಿ ಕಳೆದು ಇನ್ನಷ್ಟು ಜನ ಬಂದರು. ಅಷ್ಟೇ ಜನ ಹೋದರು ಕೂಡ. ಒಂದು ಸೈಟಿನ ಕೆಲಸ ಮುಗಿದರೆ ಮೇಸ್ತ್ರಿ ಇನ್ನೊಂದು ಕಡೆ ಕರೆದುಕೊಂಡು ಹೋಗುತ್ತಾನೆ. ಸಂಸಾರವೆಲ್ಲ ಟೆಂಪೋ ಹತ್ತುತ್ತದೆ. ಅರ್ಧ ವರ್ಷದ ಪರೀಕ್ಷೆ ಯಾವಾಗ ಅಂತ ಮೇಸ್ತ್ರಿಗೆ ಏನು ಗೊತ್ತು?

ಇಂಥ ಮಕ್ಕಳಿಗಾಗಿ ಕಾನೂನು ಚೆನ್ನಾಗೇ ಇದೆ. ವರ್ಗಾವಣೆ ಪತ್ರ ತಡವಾಯಿತು ಅಂತ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಉಳಿದ ಮಕ್ಕಳ ಸಮಕ್ಕೆ ಬರುವ ಹಾಗೆ ವಿಶೇಷ ತರಬೇತಿ ಕೊಡಿ ಅನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಂ. ಅದರ ಮೊದಲ ಅರ್ಧವನ್ನು ನಮ್ಮ ಎಚ್‌ಎಂ ಮೇಡಂ ಚಾಚೂ ತಪ್ಪದೆ ಪಾಲಿಸುತ್ತಾರೆ. ಬಾಗಿಲಿಗೆ ಬಂದ ಯಾವ ಮಗುವನ್ನೂ ಅವರು ವಾಪಸ್ ಕಳಿಸಿದ್ದು ನಾನು ನೋಡಿಲ್ಲ. ಎರಡನೇ ಅರ್ಧ, ಅಂದರೆ ಆ ವಿಶೇಷ ತರಬೇತಿ, ನನ್ನ ಪಾಲಿಗೆ ಬಂತು. ನಾನೋ, ಆಗಷ್ಟೇ ಡಿ.ಎಡ್. ಸರ್ಟಿಫಿಕೇಟ್ ಹಿಡಿದುಕೊಂಡು ಬಂದವಳು. ಪಾಠ ಯೋಜನೆ ಹೇಗೆ ಬರೆಯಬೇಕು ಅಂತ ಕಾಲೇಜಿನಲ್ಲಿ ಚೆನ್ನಾಗಿ ಕಲಿಸಿದ್ದರು. ನಾಲ್ಕನೇ ತರಗತಿಯಲ್ಲಿ ಕೂತ ಒಂಬತ್ತು ವರ್ಷದ ಹುಡುಗನಿಗೆ ಕನ್ನಡ ಮಾತೇ ಬರದಿದ್ದರೆ ಸೋಮವಾರ ಬೆಳಿಗ್ಗೆ ಏನು ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ.

ದಾರಿ ತೋರಿಸಿದವರು ಪಕ್ಕದ ಕೋಣೆಯಲ್ಲಿ ನಲಿ ಕಲಿ ಮಾಡುವ ಹಿರಿಯ ಟೀಚರ್. ನಲಿ ಕಲಿ ಗೊತ್ತಲ್ವಾ ಸರ್? 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, ಆಮೇಲೆ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಗೆ ಬಂದ ಪದ್ಧತಿ. ಅದರಲ್ಲಿ ಅಕ್ಷರ ಕಲಿಸೋದು ಅ ಆ ಇ ಈ ಕ್ರಮದಲ್ಲಲ್ಲ. 'ರ ಗ ಸ ದ ಅ' ಅಂತ ಶುರು. ಈ ಐದು ಅಕ್ಷರ ಬಂದರೆ ಮಗು ಅದೇ ವಾರ ಪದ ಓದುತ್ತದೆ. ಸರ, ದರ, ರಸ, ಅರಸ, ಅಗಸ. ಆ ಟೀಚರ್ ತಮ್ಮ ಹಳೆಯ ಕಾರ್ಡುಗಳ ಒಂದು ಕಟ್ಟು ಕೊಟ್ಟು, 'ನಾಲ್ಕನೇ ಕ್ಲಾಸಾದರೇನು, ಇಲ್ಲಿಂದ ಹಿಡಿ' ಅಂದರು. ಹಿಡಿದೆ. ಬೆಳಿಗ್ಗೆ ಮೊದಲ ಅವಧಿಯಲ್ಲಿ ಐದನೇ ತರಗತಿಯವರಿಗೆ ಲೆಕ್ಕ ಬರೆಯೋಕೆ ಕೊಟ್ಟು, ನಾಲ್ಕನೆಯದರಲ್ಲಿ ಓದೋಕೆ ಬರುವವರಿಗೆ ಪಾಠ ನೋಡಿ ಬರೆಯೋಕೆ ಹೇಳಿ, ಉಳಿದ ಎಂಟು-ಹತ್ತು ಮಕ್ಕಳನ್ನು ಕಪ್ಪು ಹಲಗೆಯ ಕೆಳಗೆ ನೆಲದ ಮೇಲೆ ಸುತ್ತ ಕೂರಿಸಿಕೊಳ್ಳುತ್ತಿದ್ದೆ.

ಆ ಗುಂಪಿನಲ್ಲಿ ಒಬ್ಬ ಬಡಗಿಯ ಮಗ. ಆಗಸ್ಟ್‌ನಲ್ಲಿ ಬಂದವನು. ಮಾತು ಬಾರದ್ದಕ್ಕೆ ಕೈ ಮುಂದೆ. ಯಾರಾದರೂ ನಕ್ಕರೆ ಹೊಡೆಯುತ್ತಿದ್ದ, ನಗದಿದ್ದರೂ ಹೊಡೆಯುತ್ತಿದ್ದ. ಒಂದು ದಿನ 'ಗರಗಸ' ಅಂತ ಬರೆದು ಪಕ್ಕದಲ್ಲಿ ಚಿತ್ರ ಹಾಕಿದೆ. ನನ್ನ ಚಿತ್ರ ಬಾಚಣಿಗೆ ಥರ ಇತ್ತು. ಆದರೂ ಅವನಿಗೆ ಗೊತ್ತಾಯಿತು. ಎದ್ದು ನಿಂತು, ಎಡಗಾಲನ್ನು ಮಣೆಯ ಮೇಲಿಟ್ಟು, ಎಡಗೈಯಲ್ಲಿ ಹಲಗೆ ಒತ್ತಿ ಹಿಡಿದ ಹಾಗೆ ಮಾಡಿ, ಬಲಗೈಯಲ್ಲಿ ಸರ್ರ್ ಸರ್ರ್ ಅಂತ ಕೊಯ್ದು ತೋರಿಸಿದ. ಮಧ್ಯೆ ನಿಲ್ಲಿಸಿ, ಹಲಗೆಯ ಮೇಲಿನ ಪುಡಿಯನ್ನು ಉಫ್ ಅಂತ ಊದಿದ. ಎಲ್ಲರೂ ನಕ್ಕರು. ಆವತ್ತು ಅವನು ಯಾರಿಗೂ ಹೊಡೆಯಲಿಲ್ಲ. ಕೂತುಕೊಂಡು ಸ್ಲೇಟಿನ ತುಂಬ ಗರಗಸ ಗರಗಸ ಅಂತ ಬರೆದ. ಕ್ರಿಸ್‌ಮಸ್ ಹೊತ್ತಿಗೆ ಒತ್ತಕ್ಷರ ಬಿಟ್ಟು ಉಳಿದಿದ್ದೆಲ್ಲ ಓದುತ್ತಿದ್ದ. ಜನವರಿಯಲ್ಲಿ ಅವರ ಅಪ್ಪನಿಗೆ ಹೊಸಕೋಟೆ ಕಡೆ ಕೆಲಸ ಸಿಕ್ಕಿತು. ಹೋದರು.

ಅವನು ಈಗ ಯಾವ ಶಾಲೆಯಲ್ಲಿದ್ದಾನೆ ನನಗೆ ಗೊತ್ತಿಲ್ಲ. ಇನ್ನೊಂದು ಶಾಲೆಗೆ ಸೇರಿಸಿ, ಅವರು ಸ್ಯಾಟ್ಸ್‌ನಲ್ಲಿ, ಅಂದರೆ ಮಕ್ಕಳ ದಾಖಲೆ ಇಡುವ ಇಲಾಖೆಯ ಪೋರ್ಟಲ್‌ನಲ್ಲಿ, ಕೋರಿಕೆ ಕಳಿಸಿದ್ದರೆ ನಮಗೆ ತಿಳಿಯುತ್ತಿತ್ತು. ಯಾರೂ ಕಳಿಸಲಿಲ್ಲ. ನನ್ನ ಹಾಜರಿಯಲ್ಲಿ ಅವನ ಹೆಸರಿನ ಮುಂದೆ ಗೈರು, ಗೈರು, ಗೈರು ಅಂತ ಬರೆಯುತ್ತಾ ಹೋದೆ.

ಅವನು ಎಲ್ಲೋ ಸೇರಿದ್ದಾನೆ ಅಂತಲೇ ಇಟ್ಟುಕೊಳ್ಳೋಣ. ಆ ಹೊಸ ಟೀಚರ್‌ಗೆ ಏನು ಗೊತ್ತಾಗುತ್ತದೆ? ಸ್ಯಾಟ್ಸ್ ತೆರೆದರೆ ಮಗುವಿನ ಹೆಸರು, ಅಪ್ಪ-ಅಮ್ಮನ ಹೆಸರು, ಜಾತಿ, ಆಧಾರ್ ಎಲ್ಲ ಇರುತ್ತದೆ. ಗ್ರೇಡೂ ಇರುತ್ತದೆ. ಆದರೆ ಗ್ರೇಡ್ ನೋಡಿ ಮೋಸ ಹೋಗಬೇಡಿ ಸರ್. 'ಬಿ+' ಅಂತ ನಮೂದಾಗಿ ಬಂದ ಒಬ್ಬ ಹುಡುಗಿಗೆ 'ಅರಸ' ಓದೋಕೆ ಬರುತ್ತಿರಲಿಲ್ಲ. 'ಸಿ' ಅಂತ ಬಂದವನೊಬ್ಬ ಬಾಯಿಲೆಕ್ಕದಲ್ಲಿ ನನ್ನನ್ನೇ ಸೋಲಿಸುತ್ತಿದ್ದ. ಅವರಮ್ಮ ತರಕಾರಿ ಗಾಡಿ ಇಟ್ಟಿದ್ದಾರೆ, ಸಂಜೆ ಚಿಲ್ಲರೆ ಕೊಡೋನು ಅವನೇ. ಈ ಮಗು ಎಲ್ಲಿ ನಿಂತಿದೆ, ಏನು ಕೊಟ್ಟರೆ ಮುಂದಕ್ಕೆ ಹೋಗುತ್ತದೆ, ಯಾರ ಪಕ್ಕ ಕೂರಿಸಿದರೆ ಕಲಿಯುತ್ತದೆ ಅನ್ನೋದು ಯಾವ ಪೋರ್ಟಲ್‌ನಲ್ಲೂ ಇಲ್ಲ. ಅದು ಟೀಚರ್ ತಲೆಯಲ್ಲಿರುತ್ತದೆ. ಮಗು ಹೋದರೆ ಒಂದು ಮಗುವಿನ ವಿಷಯ ಹೋಗುತ್ತದೆ. ಟೀಚರ್ ಹೋದರೆ ನಲವತ್ತು ಮಕ್ಕಳದ್ದೂ ಒಟ್ಟಿಗೆ ಹೋಗುತ್ತದೆ.

ಈಗ ಟೀಚರ್ ವಿಷಯಕ್ಕೆ ಬರುತ್ತೇನೆ.

ಶಾಲೆ ಶುರುವಾಗಿದ್ದು ಮೇ 29ಕ್ಕೆ. ನಾನು ಸೇರಿದ್ದು ಜೂನ್ ಕೊನೆಯಲ್ಲಿ. ಅಲ್ಲಿಯವರೆಗೆ ನಾಲ್ಕು ಮತ್ತು ಐದನೇ ತರಗತಿ ಮಕ್ಕಳು ಯಾರ ಕೋಣೆಯಲ್ಲಿ ಜಾಗ ಇತ್ತೋ ಅಲ್ಲಿ ಕೂತಿದ್ದರು. ಹಿಂದಿನ ವರ್ಷ ಅವರಿಗೆ ಪಾಠ ಹೇಳಿದವರೂ ಅತಿಥಿ ಶಿಕ್ಷಕಿಯೇ. ಅವರು ಮದುವೆಯಾಗಿ ಮಂಡ್ಯಕ್ಕೆ ಹೋದರು ಅಂತ ಮಕ್ಕಳಿಂದ ಗೊತ್ತಾಯಿತು. ಅವರು ಯಾರಿಗೆ ಎಲ್ಲಿಯವರೆಗೆ ಕಲಿಸಿದ್ದರು ಅನ್ನೋದಕ್ಕೆ ಒಂದು ಹಾಳೆ ಕೂಡ ಇರಲಿಲ್ಲ. ಅವರ ತಪ್ಪಲ್ಲ ಬಿಡಿ, ಬರೆದಿಡಿ ಅಂತ ಅವರಿಗೆ ಯಾರೂ ಹೇಳಿಲ್ಲ. ನನಗೂ ಹೇಳಿಲ್ಲ.

2025ರ ಬಜೆಟ್‌ನಲ್ಲಿ ನಮ್ಮ ಗೌರವಧನ 2,000 ರೂಪಾಯಿ ಜಾಸ್ತಿಯಾಗಿ ಪ್ರಾಥಮಿಕ ಶಾಲೆಯವರಿಗೆ ತಿಂಗಳಿಗೆ 12,000 ಆಯಿತು. ಅದಕ್ಕೆ ನಿಜವಾಗಿಯೂ ಥ್ಯಾಂಕ್ಸ್. ಆದರೆ ತಿಂಗಳಿಗೆ ಅಂದೆನಲ್ಲ, ಅಲ್ಲೇ ತಕರಾರು. ನನ್ನ ಮೊದಲ ದುಡ್ಡು ಕೈಗೆ ಬಂದಿದ್ದು ದಸರಾ ಹೊತ್ತಿಗೆ. ಎಲ್ಲಿ ತಡವಾಯಿತು ಅಂತ ಹೆಸರು ಹೇಳುವ ಆಸೆ ನನಗಿಲ್ಲ. ಅಲ್ಲಿಯವರೆಗೆ ಅಣ್ಣನ ಹತ್ತಿರ ಸಾಲ, ಸಂಜೆ ಟ್ಯೂಷನ್. ಶಕ್ತಿ ಯೋಜನೆ ಇರೋದಕ್ಕೆ ಬಿಎಂಟಿಸಿ ಖರ್ಚು ಒಂದಿರಲಿಲ್ಲ, ಅದಿಲ್ಲದಿದ್ದರೆ ಜುಲೈನಲ್ಲೇ ಬಿಟ್ಟುಬಿಡುತ್ತಿದ್ದೆನೋ ಏನೋ. ನಮ್ಮ ಶಾಲೆಗೆ ಗಣಿತಕ್ಕೆ ಬಂದಿದ್ದ ಇನ್ನೊಬ್ಬ ಅತಿಥಿ ಶಿಕ್ಷಕರು ಹುಡುಗ. ಅವರಿಗೆ ಬಸ್ ಫ್ರೀ ಇಲ್ಲ. ನವೆಂಬರ್‌ನಲ್ಲಿ ಕಾಲ್ ಸೆಂಟರ್ ಕೆಲಸ ಸಿಕ್ಕಿತು, ಹೋದರು. ಆರನೇ ತರಗತಿಗೆ ಒಂದೇ ವರ್ಷದಲ್ಲಿ ಮೂರು ಜನ ಗಣಿತ ಹೇಳಿದರು. ಮೊದಲನೆಯವರು ಭಿನ್ನರಾಶಿ ಅರ್ಧಕ್ಕೆ ಬಿಟ್ಟಿದ್ದರು. ಎರಡನೆಯವರು ಅದು ಮುಗಿದಿದೆ ಅಂದುಕೊಂಡರು. ಮೂರನೆಯವರು ಮೊದಲಿಂದ ಶುರು ಮಾಡಿದರು. ಮಕ್ಕಳು ಪಾಪ, ಮೂರು ಸಲವೂ ಹೊಸದಾಗಿ ನೋಡುತ್ತಿದ್ದೇವೆ ಅನ್ನೋ ಮುಖ ಮಾಡಿಕೊಂಡು ಕೂತರು.

ಕಾಯಂ ನೇಮಕಾತಿ ಆಗಲಿ, ಆಗ ಎಲ್ಲ ಸರಿಹೋಗುತ್ತೆ ಅನ್ನುತ್ತೀರಿ. ಆಗಲಿ. ಆದರೆ ಅದರ ವೇಗ ನಮಗೆ ಗೊತ್ತು. 2022ರಲ್ಲಿ ಆರರಿಂದ ಎಂಟನೇ ತರಗತಿಗೆ 15,000 ಹುದ್ದೆ ಕರೆದರು. ಮೇ ತಿಂಗಳಲ್ಲಿ ಪರೀಕ್ಷೆ ಆಯಿತು. ಮದುವೆಯಾದ ಹೆಣ್ಣುಮಕ್ಕಳ ಜಾತಿ-ಆದಾಯ ಪತ್ರ ಅಪ್ಪನ ಕಡೆಯದಿರಬೇಕಾ ಗಂಡನ ಕಡೆಯದಾ ಅಂತ ಆಯ್ಕೆ ಪಟ್ಟಿ ಕೋರ್ಟ್ ಹತ್ತಿತು. ಆದೇಶ ಕೈಗೆ ಬರುವಾಗ 2023 ಮುಗಿಯುತ್ತಾ ಬಂದಿತ್ತು. ಮೂರನೇ ತರಗತಿಯಲ್ಲಿದ್ದ ಮಗು ಅಷ್ಟರಲ್ಲಿ ಐದಕ್ಕೆ ಹೋಗಿರುತ್ತದೆ. ಅಲ್ಲಿಯವರೆಗೆ ಶಾಲೆ ನಡೆಸೋದು ನಾವೇ. ರಾಜ್ಯದಲ್ಲಿ ನಮ್ಮ ಸಂಖ್ಯೆ 40,000ಕ್ಕೂ ಜಾಸ್ತಿ. ಇಷ್ಟು ಜನರನ್ನು ವರ್ಷಾ ವರ್ಷ ಕರೆಯುತ್ತಾ ಇದ್ದರೆ ಅದನ್ನು ತಾತ್ಕಾಲಿಕ ಅನ್ನೋದು ಹೇಗೆ?

ಅಕ್ಟೋಬರ್ ವಿಷಯವನ್ನೂ ಹೇಳಬೇಕು. ದಸರಾ ರಜೆ 7ನೇ ತಾರೀಖಿಗೆ ಮುಗಿಯಬೇಕಿತ್ತು. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮುಗಿಯಲಿಲ್ಲ ಅಂತ ಸರ್ಕಾರಿ, ಅನುದಾನಿತ ಶಾಲೆಗಳ ರಜೆ 18ರವರೆಗೆ ಮುಂದಕ್ಕೆ ಹೋಯಿತು. ಅದರ ಬೆನ್ನಿಗೇ ದೀಪಾವಳಿ. ನಮ್ಮ ಕಾಯಂ ಟೀಚರುಗಳು ಮೊಬೈಲ್ ಹಿಡಿದು ಅಪಾರ್ಟ್‌ಮೆಂಟ್ ಗೇಟುಗಳ ಮುಂದೆ ನಿಂತಿದ್ದರು. ಸಮೀಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಶೆಡ್‌ನ ಜನ ಯಾವುದಾದರೂ ಲೆಕ್ಕಕ್ಕೆ ಸಿಗಲಿ ಅನ್ನುವವಳೇ ನಾನು. ಆದರೆ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಕಳಿಸಬಾರದು ಅಂತ ಅದೇ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಹೇಳುತ್ತದಲ್ವಾ? ರಜೆ ತಿಂಗಳಾದರೆ ಖಾಸಗಿ ಶಾಲೆಯ ಮಗು ಮನೆಯಲ್ಲಿರುತ್ತದೆ. ನಮ್ಮ ಮಗು ಊರಿಗೆ ಹೋಗಿಬಿಡುತ್ತದೆ. ಹೋದ ಮೇಲೆ ಅಲ್ಲಿ ಹತ್ತಿ ಬಿಡಿಸುವ ಕೆಲಸ ಇರುತ್ತದೆ, ಅಜ್ಜಿಗೆ ಹುಷಾರಿಲ್ಲ ಅಂತ ಇರುತ್ತದೆ. ಬರೋದು ಯಾವಾಗಲೋ.

ಯಾದಗಿರಿ ಕಡೆಯ ಒಬ್ಬಳು ಹುಡುಗಿ ಇದ್ದಳು. ದಿನಾ ಬೆಳಿಗ್ಗೆ ಎರಡು ವರ್ಷದ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರುತ್ತಿದ್ದಳು. ತಮ್ಮನನ್ನು ಪಕ್ಕದಲ್ಲಿ ಕೂರಿಸಿ, ಅವನ ಕೈಗೆ ಒಂದು ಸೀಮೆಸುಣ್ಣ ಕೊಟ್ಟು, ತಾನು ಬರೆಯುತ್ತಿದ್ದಳು. ಅವನು ಅತ್ತರೆ ಎದ್ದು ಹೋಗಿ ಬಾಗಿಲ ಹತ್ತಿರ ನಿಂತು ಅಲ್ಲಿಂದಲೇ ಪಾಠ ಕೇಳುತ್ತಿದ್ದಳು. ಮಧ್ಯಾಹ್ನ ಅವಳ ತಟ್ಟೆಯ ಮೊಟ್ಟೆಯಲ್ಲಿ ಹಳದಿ ಭಾಗ ತಮ್ಮನಿಗೆ. ಸೆಪ್ಟೆಂಬರ್‌ನಲ್ಲಿ ಪದ್ಯ ನೋಡದೆ ಹೇಳುವಷ್ಟು ಚುರುಕಾಗಿದ್ದಳು. ರಜೆಗೆ ಮುಂಚೆ ಬಂದು, 'ಅಕ್ಕೋರ್ರೀ, ನಾಳಿ ಊರಿಗಿ ಹೊಂಟೀವ್ರಿ. ಬಂದ ಮ್ಯಾಲ ನೀವ ಇರ್ತೀರಿಲ್ರೀ?' ಅಂದಳು. ಇರ್ತೀನಿ ಅಂದೆ. ಅವಳು ಬಂದಾಗ ಡಿಸೆಂಬರ್. ಒತ್ತಕ್ಷರ ಎಲ್ಲ ಮರೆತಿದ್ದಳು. ಆದರೆ ಎಲ್ಲಿಂದ ಹಿಡಿಯಬೇಕು ಅಂತ ನನಗೆ ಗೊತ್ತಿತ್ತು, ಹದಿನೈದು ದಿನದಲ್ಲಿ ವಾಪಸ್ ಬಂತು. ಬೇರೆ ಟೀಚರ್ ಇದ್ದಿದ್ದರೆ 'ಇವಳಿಗೆ ಏನೂ ಬರಲ್ಲ' ಅಂತ ಶುರುವಾಗುತ್ತಿತ್ತು. ಟೀಚರ್ ನಿಲ್ಲಲಿ ಅಂತ ನಾನು ಕೇಳೋದು ಇದಕ್ಕೇ ಸರ್.

ಮೊಟ್ಟೆ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. 2024ರ ಸೆಪ್ಟೆಂಬರ್‌ನಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುತ್ತಿದ್ದೀರಿ, ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ. ಟೀಚರುಗಳಿಗೆ ಅದರಿಂದ ಕೆಲಸ ಜಾಸ್ತಿ ಅನ್ನೋದು ನಿಜ. ಎಣಿಸಬೇಕು, ಬರೆಯಬೇಕು, ಕಳಿಸಬೇಕು. ಆದರೂ ಅದನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಬೆಳಿಗ್ಗೆ ತಿಂಡಿ ತಿಂದು ಬರುವ ಮಕ್ಕಳು ನಮ್ಮಲ್ಲಿ ಕಡಿಮೆ.

ನಗರದ ಶಾಲೆ ಅಂದರೆ ಎಲ್ಲ ಚೆನ್ನಾಗಿರುತ್ತೆ ಅನ್ನೋ ಭ್ರಮೆ ಬಹಳ ಜನಕ್ಕಿದೆ. ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತದೆ ಅಂತ ನೋಡುವ ಅಸರ್ ವರದಿ ಪ್ರತಿ ಸಲ ಬಂದಾಗ ಐದನೇ ತರಗತಿಯವರು ಎರಡನೇ ತರಗತಿ ಪಾಠ ಓದಲ್ಲ ಅಂತ ಟಿವಿಯಲ್ಲಿ ಚರ್ಚೆ ಆಗುತ್ತದೆ. ಅದು ಹಳ್ಳಿ ಮಕ್ಕಳ ಸಮೀಕ್ಷೆ. ಬೆಂಗಳೂರಿನ ಶೆಡ್‌ನಲ್ಲಿರುವ ಮಗು ಅದರಲ್ಲಿಲ್ಲ. ಊರಿನಲ್ಲಿ ಸಮೀಕ್ಷೆಯವರು ಬಂದಾಗ ಅದು ಇಲ್ಲಿರುತ್ತದೆ. ಇಲ್ಲಿ ಅದನ್ನು ಕೇಳೋಕೆ ಯಾರೂ ಬರುವುದಿಲ್ಲ. ಅಂಕಿ-ಅಂಶದಲ್ಲೂ ಜಾಗ ಸಿಗದ ಮಕ್ಕಳಿವರು.

ಹಾಗಾದರೆ ಏನು ಮಾಡಬೇಕು ಅಂತೀರಾ? ನಾಳೆಯೇ ನಮ್ಮನ್ನೆಲ್ಲ ಕಾಯಂ ಮಾಡಿ ಅಂತ ನಾನು ಕೇಳುತ್ತಿಲ್ಲ. ಅದು ದೊಡ್ಡ ಹೋರಾಟ, ಬೇರೆಯವರು ಮಾಡುತ್ತಿದ್ದಾರೆ, ಅವರಿಗೆ ನನ್ನ ಬೆಂಬಲವಿದೆ. ನಾನು ಕೇಳೋದು ಅದಕ್ಕಿಂತ ಚಿಕ್ಕದು. ಅತಿಥಿ ಶಿಕ್ಷಕರ ಆದೇಶ ಶಾಲೆ ಬಾಗಿಲು ತೆಗೆಯುವ ದಿನಕ್ಕೆ ಮೊದಲೇ ಬರಲಿ. ಎಚ್‌ಎಂ ಮತ್ತು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯವರು ಒಪ್ಪಿದರೆ ಅದೇ ಟೀಚರ್ ಅದೇ ಶಾಲೆಯಲ್ಲಿ ಕನಿಷ್ಠ ಮೂರು ವರ್ಷ ಇರುವ ಹಾಗೆ ಆಗಲಿ, ಏಪ್ರಿಲ್-ಮೇ ಸೇರಿಸಿ. ಆ ಎರಡು ತಿಂಗಳು ನಮಗೆ ಸುಮ್ನೆ ಕೊಡಬೇಡಿ, ಕೆಲಸ ಕೊಡಿ. ನಲಿ ಕಲಿ ಕಲಿಸಿ, ಕನ್ನಡ ಗೊತ್ತಿಲ್ಲದ ಮಗುವಿಗೆ ಕನ್ನಡ ಹೇಗೆ ಹೇಳಿಕೊಡೋದು ಅಂತ ಕಲಿಸಿ. ಇಪ್ಪತ್ತು ವರ್ಷ ಪಾಠ ಮಾಡಿದವರು ನಮ್ಮ ಶಾಲೆಗಳಲ್ಲೇ ಇದ್ದಾರೆ, ಅವರಿಂದಲೇ ಕಲಿಸಿ, ಹೊರಗಿನಿಂದ ಯಾರನ್ನೂ ತರೋದು ಬೇಡ. ಗೌರವಧನ ಪ್ರತಿ ತಿಂಗಳು ಬರಲಿ, ತಾರೀಖು ಯಾವುದಾದರೂ ಪರವಾಗಿಲ್ಲ.

ಇನ್ನೊಂದು, ಇದಕ್ಕೆ ದುಡ್ಡೇ ಬೇಕಿಲ್ಲ. ಸ್ಯಾಟ್ಸ್‌ನಲ್ಲಿ ಪ್ರತಿ ಮಗುವಿನ ಹೆಸರಿನ ಕೆಳಗೆ ಟೀಚರ್ ಬರೆಯೋಕೆ ಒಂದು ಖಾಲಿ ಜಾಗ ಬಿಡಿ. ಗ್ರೇಡ್ ಬೇಡ, ಕೋಡ್ ಬೇಡ. 'ಗುಣಿತಾಕ್ಷರದವರೆಗೆ ಬಂದಿದೆ, ಒತ್ತಕ್ಷರದಲ್ಲಿ ನಿಲ್ಲುತ್ತಾನೆ, ಕೂಡೋದು ಚೆನ್ನಾಗಿ ಬರುತ್ತೆ, ಮೊದಲ ವಾರ ಹೊಡೆಯುತ್ತಾನೆ, ಆಮೇಲೆ ಸರಿಹೋಗುತ್ತಾನೆ' ಅಂತ ಎರಡು ಸಾಲು ಬರೆಯುವಷ್ಟು. ಹೊಸಕೋಟೆಯ ಟೀಚರ್‌ಗೆ ಆ ಎರಡು ಸಾಲು ಸಿಕ್ಕಿದ್ದರೆ ಐದು ತಿಂಗಳ ಕೆಲಸ ಉಳಿಯುತ್ತಿತ್ತು. ನಾನು ನನ್ನ ಮಕ್ಕಳದ್ದೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದು ಎಚ್‌ಎಂ ಮೇಡಂ ಕೈಗೆ ಕೊಟ್ಟಿದ್ದೇನೆ. ಬೀರುವಿನಲ್ಲಿಟ್ಟಿದ್ದಾರೆ. ಅದು ಕೊಡಲೇಬೇಕಾದ ದಾಖಲೆಯಲ್ಲ, ಹಾಗಾಗಿ ಮುಂದೆ ಬರುವವರು ನೋಡಲೇಬೇಕು ಅಂತೇನೂ ಇಲ್ಲ.

ಮೊನ್ನೆ ಒಬ್ಬ ತಾಯಿ ಫೋನ್ ಮಾಡಿದ್ದರು. ತರಕಾರಿ ಗಾಡಿಯವರು. ಜೂನ್‌ನಲ್ಲಿ ನಮ್ ಹುಡುಗಂಗೆ ನೀವೇ ಇರ್ತೀರಾ ಮಿಸ್, ಇಲ್ಲಾಂದ್ರೆ ಎದುರು ಶಾಲೆಗೆ ಸಾಲ ಮಾಡಿ ಸೇರಿಸೋಣ ಅಂತಿದ್ದಾರೆ ಅವರಪ್ಪ, ಅಂತ ಕೇಳಿದರು. ಎಚ್‌ಎಂ ಮೇಡಂ ಅವರನ್ನು ಕೇಳಿ ಅಮ್ಮ ಅಂದೆ. ಎಚ್‌ಎಂ ಮೇಡಂ, ಮೇಲಿಂದ ಆದೇಶ ಬರಲಿ ಅಂದರಂತೆ. ಎದುರು ಶಾಲೆಯಲ್ಲಿ ಅಡ್ಮಿಷನ್ ಆಗಲೇ ಶುರುವಾಗಿದೆ ಸರ್. ಈ ತಿಂಗಳ ಒಳಗೆ ಆದೇಶ ಹೊರಡಿಸಿ.

ಇಂತಿ,
ಒಬ್ಬ ಅತಿಥಿ ಶಿಕ್ಷಕಿ,
ಬೆಂಗಳೂರು